ಸೆನ್ಸರನ್ನು ಟ್ಯಾಂಕ್ ಪಕ್ಕ ನಿಲ್ಲಿಸಿ ತೋರಿಸಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ‘ಬಿಯರ್ ರುಚಿ ನೋಡುವ ಎಲೆಕ್ಟ್ರಾನಿಕ್ ನಾಲಿಗೆ’ ಅಂತ ಒಂದು ಬರಹ ಬಂದಿತ್ತು. ನಾನು ಹುದುಗಿಸಿದ ಪಾನೀಯಗಳ ಗುಣಮಟ್ಟ ನೋಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬಿಯರ್, ವೈನ್, ಸೈಡರ್, ಕೊಂಬುಚಾ ಎಲ್ಲದರ ಸ್ಯಾಂಪಲ್ಲೂ ನನ್ನ ಮೇಜಿನ ಮೇಲೆ ಬಂದು ಹೋಗಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಬರಹದ ಎರಡು ಮಾತು ನನಗೆ ಅರಗಲಿಲ್ಲ. ‘ಇನ್ನು ರುಚಿ ನೋಡುವವರ ಕೆಲಸಕ್ಕೆ ಕುತ್ತು’ ಎನ್ನುವುದು ಒಂದು. ಸೆನ್ಸರನ್ನು ಬಿಯರ್ ಹುದುಗುವ ಟ್ಯಾಂಕಿನೊಳಗೆ ಇಳಿಬಿಟ್ಟರೆ ಸಾಕು, ಹಗಲು ರಾತ್ರಿ ಕಾವಲು ಕಾಯುತ್ತದೆ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಹಾಗಂತ ಸೆನ್ಸರ್ ಕೆಲಸಕ್ಕೆ ಬಾರದ್ದು ಅಂತೇನೂ ನಾನು ಹೇಳುತ್ತಿಲ್ಲ. ಅದು ಯಾವ ಕೆಲಸಕ್ಕೆ ಬರುತ್ತದೆ ಅನ್ನುವುದನ್ನೇ ಬರಹ ಹೇಳದೆ ಬಿಟ್ಟಿತು, ಅದೇ ನನ್ನ ತಕರಾರು.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಎಲೆಕ್ಟ್ರಾನಿಕ್ ನಾಲಿಗೆ ಅಂತ ಕರೆಯುವ ಯಂತ್ರ ಬೇರೆಯೇ ಇದೆ. ಅದರಲ್ಲಿ ಹಲವು ಎಲೆಕ್ಟ್ರೋಡ್‌ಗಳಿರುತ್ತವೆ. ಪ್ರತಿಯೊಂದೂ ಪಾನೀಯದಲ್ಲಿರುವ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಸ್ಪಂದಿಸುತ್ತದೆ. ಅವೆಲ್ಲವನ್ನೂ ಸೇರಿಸಿ ಕಂಪ್ಯೂಟರ್ ಒಂದು ಗುರುತು ಕಲಿಯುತ್ತದೆ. ‘ಇವತ್ತಿನ ಬ್ಯಾಚ್ ಮೊನ್ನೆಯದರ ಹಾಗಿದೆ, ಇಲ್ಲ’ ಅಂತ ಹೇಳುವುದು ಅದರ ಕೆಲಸ. ಯಾವ ವಸ್ತು ಎಷ್ಟು ಹೆಚ್ಚಾಯಿತು ಅಂತ ಕೇಳಿದರೆ ಅದು ತಡವರಿಸುತ್ತದೆ. ನೀವು ಚಿತ್ರ ಹಾಕಿದ್ದು ಕಿಣ್ವ (ಎಂಜೈಮ್) ಹಚ್ಚಿದ ಬಯೋಸೆನ್ಸರ್. ಇದರ ಸ್ವಭಾವ ಪೂರ್ತಿ ಉಲ್ಟಾ. ಇದು ಒಂದು ವಸ್ತುವನ್ನು, ಅಥವಾ ಒಂದೇ ಕುಟುಂಬದ ಎರಡು ಮೂರು ವಸ್ತುಗಳನ್ನು ಮಾತ್ರ ನೋಡುತ್ತದೆ. ನೋಡಿ, ಒಂದು ಸಂಖ್ಯೆ ಕೊಡುತ್ತದೆ. ಮಿಕ್ಕಿದ್ದರ ಗೊಡವೆ ಅದಕ್ಕಿಲ್ಲ. ಇರಬಾರದು ಕೂಡ.

ಕಿಣ್ವಕ್ಕೂ ಅದು ಹಿಡಿಯುವ ವಸ್ತುವಿಗೂ ಬೀಗ ಕೀಲಿಯ ಸಂಬಂಧ ಅಂತ ಎಮಿಲ್ ಫಿಷರ್ 1894ರಲ್ಲೇ ಹೇಳಿದ್ದರು. ಅದನ್ನು ಅಳತೆಗೆ ಬಳಸಿದ್ದು ಲೆಲಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್, 1962ರಲ್ಲಿ. ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎರಡು ತೆಳು ಪೊರೆಗಳ ನಡುವೆ ಹಿಡಿದಿಡುವುದು ಅವರ ಉಪಾಯ. ಗ್ಲುಕೋಸ್ ಬಂದರೆ ಕಿಣ್ವ ಆಮ್ಲಜನಕವನ್ನು ಖರ್ಚು ಮಾಡುತ್ತದೆ, ಎಲೆಕ್ಟ್ರೋಡಿಗೆ ಅದು ತಿಳಿಯುತ್ತದೆ. 1967ರಲ್ಲಿ ಅಪ್‌ಡೈಕ್ ಮತ್ತು ಹಿಕ್ಸ್ ಕಿಣ್ವವನ್ನು ಜೆಲ್ ಒಳಗೆ ಕಟ್ಟಿಹಾಕಿದರು. 1975ರ ಹೊತ್ತಿಗೆ ಗ್ಲುಕೋಸ್ ಅಳೆಯುವ ಯಂತ್ರ ಮಾರಾಟಕ್ಕೂ ಬಂತು. ಈಗ ಮನೆಮನೆಯಲ್ಲಿರುವ ಗ್ಲುಕೋಮೀಟರ್ ಅದೇ ವಂಶದ್ದು. ಗ್ಲುಕೋಸ್ ಕಿಣ್ವದ ಜಾಗದಲ್ಲಿ ಲ್ಯಾಕ್ಟೇಟ್ ಆಕ್ಸಿಡೇಸ್ ಹಾಕಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಆಲ್ಕೋಹಾಲ್ ಆಕ್ಸಿಡೇಸ್ ಹಾಕಿದರೆ ಎಥನಾಲ್, ಅಂದರೆ ಪಾನೀಯದಲ್ಲಿರುವ ಆಲ್ಕೋಹಾಲ್. ಉಪಾಯ ಅಷ್ಟೇ, ಸರಳ.

ಸರಳ ಅಂದೆ. ಗಾಜಿನ ಬೀಕರಿನಲ್ಲಿ ಸರಳ. ಟ್ಯಾಂಕಿನಲ್ಲಿ ಕಥೆ ಬೇರೆ.

ನೀವು ಬರೆದ ಹಾಗೆ ಟ್ಯಾಂಕಿನೊಳಗೆ ಸೆನ್ಸರ್ ಇಳಿಬಿಟ್ಟೆವು ಅಂದುಕೊಳ್ಳಿ. ಒಳಗೆ ಏನಿದೆ? ಯೀಸ್ಟ್ ಹುದುಗಿಸುತ್ತಿರುವಾಗ ದ್ರವದಲ್ಲಿ ಆಮ್ಲಜನಕ ಇರುವುದೇ ಇಲ್ಲ. ಮೊದಲ ಕೆಲವು ಗಂಟೆಗಳಲ್ಲೇ ಯೀಸ್ಟ್ ಅದನ್ನು ಮುಗಿಸಿರುತ್ತದೆ. ಆಕ್ಸಿಡೇಸ್ ಕಿಣ್ವಕ್ಕೆ ಆಮ್ಲಜನಕ ಬೇಕೇ ಬೇಕು. ಅದಿಲ್ಲದಿದ್ದರೆ ಮುಂದೆ ಎಷ್ಟೇ ಲ್ಯಾಕ್ಟಿಕ್ ಆಮ್ಲ ಇದ್ದರೂ ಕಿಣ್ವ ಸುಮ್ನೆ ಕೂತಿರುತ್ತದೆ. ಆಮ್ಲಜನಕದ ಬದಲು ಫೆರೊಸೀನ್‌ನಂಥ ವಸ್ತುವಿನ ಕೈಲಿ ಎಲೆಕ್ಟ್ರಾನ್ ಸಾಗಿಸುವ ದಾರಿಯನ್ನು 1984ರಲ್ಲೇ ತೋರಿಸಿದ್ದಾರೆ, ನಿಜ. ಆದರೂ ಆಮ್ಲದ ಕಾಟ ತಪ್ಪುವುದಿಲ್ಲ. ಹುಳಿ ಎಷ್ಟು ಅಂತ ಹೇಳುವ ಅಳತೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ವೈನಿನ ಪಿಎಚ್ 3ರಿಂದ 4ರ ನಡುವೆ, ಬಿಯರಿನದು 4ರ ಆಸುಪಾಸು. ಆಲ್ಕೋಹಾಲ್ ಡಿಹೈಡ್ರೋಜನೇಸ್‌ನಂಥ ಕಿಣ್ವಕ್ಕೆ (ಇದೂ ಆಲ್ಕೋಹಾಲ್ ಅಳೆಯಲು ಬಳಸುವಂಥದ್ದೇ) ಹಿತವಾಗುವುದು 8, 9. ಇನ್ನು ಪ್ರಮಾಣದ ಲೆಕ್ಕ. 5 ಪರ್ಸೆಂಟ್ ಆಲ್ಕೋಹಾಲ್ ಇರುವ ಬಿಯರ್ ಅಂದರೆ ಲೀಟರಿಗೆ ಸುಮಾರು 40 ಗ್ರಾಂ ಎಥನಾಲ್. ಕಿಣ್ವಕ್ಕೆ ಇದು ವಿಪರೀತ ಜಾಸ್ತಿ. ಒಂದು ಮಟ್ಟ ದಾಟಿದ ಮೇಲೆ ಕಿಣ್ವದ ಎಲ್ಲ ಜಾಗವೂ ಭರ್ತಿ. ಆಮೇಲೆ 40 ಗ್ರಾಂ ಇದ್ದರೂ 50 ಗ್ರಾಂ ಇದ್ದರೂ ಓದಿಕೆ ಒಂದೇ.

ಇಷ್ಟೆಲ್ಲ ದಾಟಿದರೂ ಕೊನೆಗೊಂದು ಕಂಟಕ ಕಾದಿರುತ್ತದೆ. ಬ್ಯಾಚ್ ಮುಗಿದ ಮೇಲೆ ಟ್ಯಾಂಕನ್ನು ಬಿಸಿ ಕಾಸ್ಟಿಕ್ ಸೋಡಾದಿಂದ ತೊಳೆಯುತ್ತಾರೆ. ಕಿಣ್ವ ಅಂದರೆ ಪ್ರೋಟೀನ್. ಒಂದೇ ತೊಳೆತಕ್ಕೆ ಅದರ ಕಥೆ ಮುಗಿಯಿತು.

ಹಾಗಾಗಿ ಈ ಸೆನ್ಸರ್ ಟ್ಯಾಂಕಿನ ಒಳಗೆ ಬದುಕುವುದಿಲ್ಲ. ಅದು ಇರಬೇಕಾದ್ದು ಟ್ಯಾಂಕಿನ ಪಕ್ಕ. ಸಣ್ಣ ಪಂಪು ಟ್ಯಾಂಕಿನಿಂದ ಒಂದಿಷ್ಟು ದ್ರವ ಎಳೆಯಬೇಕು. ಯೀಸ್ಟ್ ಸೋಸಬೇಕು, ಗ್ಯಾಸ್ ಬಿಡಿಸಬೇಕು. ಬಫರ್ ಜೊತೆ ಬೆರೆಸಿ ನೂರು ಪಟ್ಟೋ ಸಾವಿರ ಪಟ್ಟೋ ತೆಳು ಮಾಡಬೇಕು. ಬಫರ್ ಅಂದರೆ ಪಿಎಚ್ ಕದಲದಂತೆ ಹಿಡಿದಿಡುವ ಉಪ್ಪಿನ ದ್ರಾವಣ. ತೆಳು ಮಾಡಿದ್ದರಿಂದ ಒಂದೇ ಏಟಿಗೆ ಪಿಎಚ್, ಆಮ್ಲಜನಕ, ಪ್ರಮಾಣ ಮೂರೂ ಹದಕ್ಕೆ ಬರುತ್ತವೆ. ಹರಿಯುವ ದ್ರವಕ್ಕೆ ಸ್ಯಾಂಪಲ್ ಚುಚ್ಚಿ ಅಳೆಯುವ ಈ ಪದ್ಧತಿ 1975ರಿಂದಲೂ ಇದೆ. ನನ್ನ ಕಣ್ಣಿಗೆ ನಿಮ್ಮ ಬರಹದ ಹೀರೋ ಆಗಬೇಕಾಗಿದ್ದು ಈ ಪಂಪು ಮತ್ತು ಕೊಳವೆ. ಪಾಪ, ಅವುಗಳ ಫೋಟೋ ಯಾರೂ ಹಾಕುವುದಿಲ್ಲ.

ಈಗ ರುಚಿಯ ವಿಷಯಕ್ಕೆ ಬರುತ್ತೇನೆ. ಲಾಗರ್ ಬಿಯರ್ ಮಾಡುವವರ ನಿದ್ದೆ ಕೆಡಿಸುವ ವಸ್ತು ಡೈಅಸಿಟೈಲ್. ಬೆಣ್ಣೆಯ ವಾಸನೆ ಅದರದ್ದು. ಬೆಣ್ಣೆ ವಾಸನೆ ಬೆಣ್ಣೆಯಲ್ಲಿದ್ದರೆ ಚೆಂದ, ಲಾಗರಿನಲ್ಲಿ ಬಂದರೆ ಬ್ಯಾಚ್ ಕೆಟ್ಟಂತೆ. ಲೀಟರಿಗೆ 0.1 ಮಿಲಿಗ್ರಾಂ ಆಸುಪಾಸು ಇದ್ದರೂ ಪಳಗಿದ ಮೂಗಿಗೆ ಸಿಗುತ್ತದೆ. ಅದೇ ಲೀಟರಿನಲ್ಲಿ ಎಥನಾಲ್ ಅಣುಗಳು ಡೈಅಸಿಟೈಲ್ ಅಣುಗಳಿಗಿಂತ ಸುಮಾರು 7 ಲಕ್ಷ ಪಟ್ಟು ಹೆಚ್ಚು. ಸೆನ್ಸರ್ ಈ ಗುಂಪಿನಲ್ಲಿ ಆ ಒಂದನ್ನು ಹಿಡಿಯಬೇಕು. ಡೈಅಸಿಟೈಲ್ ರಿಡಕ್ಟೇಸ್ ಅಂತ ಕಿಣ್ವ ಇದೆ. ಎನ್‌ಎಡಿಎಚ್ ಎಂಬ ಸಹಾಯಕ ವಸ್ತುವನ್ನು ಖರ್ಚು ಮಾಡಿ ಡೈಅಸಿಟೈಲನ್ನು ಅಸಿಟೋಯಿನ್ ಆಗಿ ಬದಲಾಯಿಸುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. ಹೀರಿಕೆ ಎಷ್ಟು ಇಳಿಯಿತು ಅಂತ ನೋಡಿದರೆ ಡೈಅಸಿಟೈಲ್ ಎಷ್ಟಿತ್ತು ಅಂತ ಗೊತ್ತಾಗಬೇಕು.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಲೀಟರಿಗೆ 0.1 ಮಿಲಿಗ್ರಾಂ ಡೈಅಸಿಟೈಲಿಗೆ ಆ ಹೀರಿಕೆ ಬದಲಾಗುವುದು 0.007 ಮಾತ್ರ. ಸ್ಯಾಂಪಲ್ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ, ಕುವೆಟ್ ಮೇಲೆ ಬೆರಳ ಗುರುತು ಬಿದ್ದರೂ ಅಷ್ಟು ಏರುಪೇರು ಆಗುತ್ತದೆ. ಅದೂ ಸ್ಯಾಂಪಲ್ಲನ್ನು ತೆಳು ಮಾಡದಿದ್ದರೆ. ಮೇಲೆ ಹೇಳಿದ ಹಾಗೆ ತೆಳು ಮಾಡಿದಿರೋ, ಉಳಿಯುವುದು ಏನೂ ಇಲ್ಲ. ಇದರ ಮೇಲೆ ಇನ್ನೊಂದು ಕಾಟ. ಕಿಣ್ವದ ಪುಡಿಯಲ್ಲಿ ಆಲ್ಕೋಹಾಲ್ ಡಿಹೈಡ್ರೋಜನೇಸ್ ಚೂರೇ ಚೂರು ಬೆರೆತಿದ್ದರೂ ಸಾಕು. ಅದು ಬಿಯರಿನಲ್ಲಿರುವ ಅಸಿಟಾಲ್ಡಿಹೈಡ್ ಎಂಬ ಇನ್ನೊಂದು ವಸ್ತುವನ್ನು ಹಿಡಿದು ಅದೇ ಎನ್‌ಎಡಿಎಚ್ ಖರ್ಚು ಮಾಡುತ್ತದೆ. ಯಂತ್ರ ಅದನ್ನೂ ಡೈಅಸಿಟೈಲ್ ಅಂತಲೇ ಬರೆದುಕೊಳ್ಳುತ್ತದೆ. ಅದಕ್ಕೇ ಮೊದಲು ಸ್ಯಾಂಪಲ್ಲನ್ನು ಬಟ್ಟಿ ಇಳಿಸಿ, ಬೇಕಾದ್ದನ್ನು ಬೇರ್ಪಡಿಸಿಕೊಂಡು ಆಮೇಲೆ ಅಳೆಯುವುದು. ಅಷ್ಟು ಮಾಡುವ ಹೊತ್ತಿಗೆ ಪಕ್ಕದ ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಅಂದರೆ ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಯಂತ್ರ, ತನ್ನ ಉತ್ತರ ಕೊಟ್ಟಾಗಿರುತ್ತದೆ.

ಡೈಅಸಿಟೈಲಿನ ಇನ್ನೊಂದು ಗುಣ ನಿಮ್ಮ ಓದುಗರಿಗೆ ಗೊತ್ತಿರಲಿ. ಅದನ್ನು ಯೀಸ್ಟ್ ನೇರವಾಗಿ ಮಾಡುವುದಿಲ್ಲ. ಯೀಸ್ಟ್ ತನಗೆ ಬೇಕಾದ ವ್ಯಾಲಿನ್ ಎಂಬ ಅಮೈನೋ ಆಮ್ಲ ಮಾಡಿಕೊಳ್ಳುವಾಗ ಅಸಿಟೋಲ್ಯಾಕ್ಟೇಟ್ ಅನ್ನುವುದು ಒಂದಿಷ್ಟು ಹೊರಗೆ ಸೋರುತ್ತದೆ. ಅದಕ್ಕೆ ಬೆಣ್ಣೆ ವಾಸನೆ ಇಲ್ಲ. ಅದು ಯೀಸ್ಟಿನ ಹೊರಗೆ, ಬಿಯರಿನಲ್ಲಿ, ತನ್ನಷ್ಟಕ್ಕೆ ತಾನೇ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಆಮೇಲೆ ಯೀಸ್ಟೇ ಅದನ್ನು ಮತ್ತೆ ಒಳಗೆಳೆದುಕೊಂಡು, ವಾಸನೆ ಅಷ್ಟಾಗಿ ತಿಳಿಯದ ವಸ್ತುವಾಗಿ ಬದಲಾಯಿಸುತ್ತದೆ. ಅದಕ್ಕೇ ಹುದುಗು ಮುಗಿಯುತ್ತ ಬಂದಾಗ ಟ್ಯಾಂಕನ್ನು ತಕ್ಷಣ ತಣ್ಣಗೆ ಮಾಡದೆ ಒಂದೆರಡು ದಿನ ಬೆಚ್ಚಗೇ ಬಿಡುವುದು. ಅವಸರ ಮಾಡಿ ಯೀಸ್ಟ್ ಸೋಸಿಬಿಟ್ಟರೆ ಅಸಿಟೋಲ್ಯಾಕ್ಟೇಟ್ ಬಿಯರಿನಲ್ಲೇ ಉಳಿಯುತ್ತದೆ. ಬಾಟಲಿಯೊಳಗೆ ಹೋದ ಮೇಲೆ ಬೆಣ್ಣೆ ಏಳುತ್ತದೆ. ಆಗ ತಿನ್ನುವುದಕ್ಕೆ ಯೀಸ್ಟೂ ಇಲ್ಲ.

ಅಂದರೆ ಇವತ್ತು ಸೆನ್ಸರ್ ‘ಡೈಅಸಿಟೈಲ್ ಇಲ್ಲ’ ಅಂದರೂ ಅದನ್ನು ನಂಬಿ ಟ್ಯಾಂಕ್ ತಣಿಸುವ ಹಾಗಿಲ್ಲ. ಅಡಗಿ ಕೂತಿರುವ ಅಸಿಟೋಲ್ಯಾಕ್ಟೇಟ್ ಆ ಕಿಣ್ವಕ್ಕೆ ಕಾಣುವುದಿಲ್ಲ. ನಮ್ಮಲ್ಲಿ ಮಾಡುತ್ತಿದ್ದದ್ದು ಹೀಗೆ. ಸ್ಯಾಂಪಲ್ ಎರಡು ಸೀಸೆಯಲ್ಲಿ ತೆಗೆದುಕೊಳ್ಳುವುದು. ಒಂದನ್ನು ಮುಚ್ಚಳ ಬಿಗಿದು 60 ಡಿಗ್ರಿ ನೀರಿನಲ್ಲಿ ಒಂದು ಗಂಟೆಗೂ ಮೇಲೆ ಇಡುವುದು. ಬಿಸಿಗೆ ಅಡಗಿದ ಅಸಿಟೋಲ್ಯಾಕ್ಟೇಟ್ ಬೇಗ ಡೈಅಸಿಟೈಲ್ ಆಗುತ್ತದೆ. ಇನ್ನೊಂದನ್ನು ಹಾಗೇ ತಣ್ಣಗೆ ಇಡುವುದು. ಆಮೇಲೆ ಎರಡನ್ನೂ ಒಂದೇ ತಾಪಕ್ಕೆ ತಂದು, ಮುಚ್ಚಳ ತೆಗೆದು, ಮೂಸಿ ನೋಡುವುದು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂತು, ತಣ್ಣಗಿನದರಲ್ಲಿ ಬರಲಿಲ್ಲ ಅಂದರೆ ಟ್ಯಾಂಕಿಗೆ ಇನ್ನೂ ದಿನ ಬೇಕು ಅಂತ ಅರ್ಥ. ಎರಡರಲ್ಲೂ ಇಲ್ಲ ಅಂದರೆ ತಣಿಸಬಹುದು. ಇದರಲ್ಲಿ ಒಂದು ರೂಪಾಯಿಯ ಯಂತ್ರವೂ ಇಲ್ಲ. ಹಳಬರೊಬ್ಬರು ಸೀಸೆ ಮೂಸಿ ‘ಇನ್ನೊಂದು ದಿನ ಬಿಡಿ ಮೇಡಂ’ ಅಂದರೆ ಮರುದಿನ ಕ್ರೊಮ್ಯಾಟೊಗ್ರಾಫ್ ಅದನ್ನೇ ಹೇಳುತ್ತಿತ್ತು. ನಿಮ್ಮ ಬರಹ ‘ಕುತ್ತು’ ಅಂತ ಬರೆದದ್ದು ಇಂಥವರ ಕೆಲಸಕ್ಕೆ. ಯಾವ ಸೆನ್ಸರ್ ತಂದರೂ ಈ ಬಿಸಿ ಮಾಡುವ ಹಂತ ಬಿಟ್ಟರೆ ಅದರ ಸಂಖ್ಯೆಗೆ ಅರ್ಥವಿಲ್ಲ.

ಹಾಗಾದರೆ ಕಿಣ್ವದ ಸೆನ್ಸರ್ ಎಲ್ಲಿ ಗೆಲ್ಲುತ್ತದೆ? ನನ್ನನ್ನು ಕೇಳಿದರೆ ವೈನಿನ ಮ್ಯಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲದಲ್ಲಿ. ಕೆಂಪು ವೈನಿಗೆ ಯೀಸ್ಟಿನ ಹುದುಗು ಆದ ಮೇಲೆ ಇನ್ನೊಂದು ಸುತ್ತು ಇರುತ್ತದೆ. ಈನೋಕಾಕಸ್ ಎಂಬ ಬ್ಯಾಕ್ಟೀರಿಯಾ ಒರಟು ಹುಳಿಯ ಮ್ಯಾಲಿಕ್ ಆಮ್ಲವನ್ನು ಮೆದು ಹುಳಿಯ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸುತ್ತದೆ. ಅದು ಮುಗಿಯಿತೋ ಇಲ್ಲವೋ ಅಂತ ತಿಳಿಯಲು ಹಳೇ ಕಾಲದಿಂದ ಕಾಗದದ ಕ್ರೊಮ್ಯಾಟೊಗ್ರಫಿ ಮಾಡುತ್ತಾರೆ. ದೊಡ್ಡ ಕಾಗದದ ಅಂಚಿಗೆ ವೈನಿನ ಚುಕ್ಕಿ ಇಟ್ಟು, ಬ್ಯುಟನಾಲ್ ಇರುವ ದ್ರಾವಣದ ಜಾಡಿಯಲ್ಲಿ ನಿಲ್ಲಿಸಿ, ಗಂಟೆಗಟ್ಟಲೆ ಬಿಟ್ಟು, ಆಮೇಲೆ ಒಣಗಿಸಬೇಕು. ನೀಲಿ ಹಸಿರು ಕಾಗದದ ಮೇಲೆ ಒಂದೊಂದು ಆಮ್ಲಕ್ಕೆ ಒಂದೊಂದು ಹಳದಿ ಚುಕ್ಕಿ ಮೂಡುತ್ತದೆ. ಆ ಬ್ಯುಟನಾಲ್ ವಾಸನೆಗೆ ತಲೆ ಸಿಡಿಯುತ್ತದೆ. ಅಷ್ಟು ಮಾಡಿ ಸಿಗುವುದು ‘ಮ್ಯಾಲಿಕ್ ಚುಕ್ಕಿ ಮಾಸಿದೆ ಅನ್ನಿಸುತ್ತದೆ’ ಅನ್ನುವ ಉತ್ತರ.

ಕಿಣ್ವಕ್ಕೆ ಇದು ಹೇಳಿ ಮಾಡಿಸಿದ ಕೆಲಸ. ಮ್ಯಾಲಿಕ್ ಆಮ್ಲ ವೈನಿನಲ್ಲಿ ಲೀಟರಿಗೆ ಗ್ರಾಂಗಳ ಲೆಕ್ಕದಲ್ಲಿದೆ, ಡೈಅಸಿಟೈಲಿನ ಹಾಗೆ ಹುಡುಕಾಡಬೇಕಿಲ್ಲ. ಧಾರಾಳವಾಗಿ ತೆಳು ಮಾಡಬಹುದು. ತೆಳು ಮಾಡಿದಷ್ಟೂ ವೈನಿನ ಬಣ್ಣದ ಕಾಟ ಕಡಿಮೆ. ಎಷ್ಟು ಉಳಿದಿದೆ ಅಂತ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದಿದೆ. ಲ್ಯಾಕ್ಟಿಕ್ ಆಮ್ಲದಲ್ಲಿ ಎಲ್ ಮತ್ತು ಡಿ ಅಂತ ಎರಡು ರೂಪ, ಎಡಗೈ ಬಲಗೈ ಇದ್ದ ಹಾಗೆ. ಹುಳಿ ಎರಡಕ್ಕೂ ಒಂದೇ. ನಾಲಿಗೆಗೆ ವ್ಯತ್ಯಾಸ ತಿಳಿಯದು. ಕ್ಷಾರ ಹಾಕಿ ಒಟ್ಟು ಆಮ್ಲ ಅಳೆದರೂ ತಿಳಿಯದು. ಆದರೆ ಈನೋಕಾಕಸ್ ಮ್ಯಾಲಿಕ್‌ನಿಂದ ಮಾಡುವುದು ಎಲ್ ರೂಪ. ಅದೇ ಬ್ಯಾಕ್ಟೀರಿಯಾ ಉಳಿದ ಸಕ್ಕರೆಗೆ ಬಾಯಿ ಹಾಕಿದರೆ ಬರುವುದು ಡಿ ರೂಪ, ಜೊತೆಗೆ ವಿನೆಗರಿನ ಅಸಿಟಿಕ್ ಆಮ್ಲ. ಅಂದರೆ ಡಿ ಏರತೊಡಗಿತು ಅಂದರೆ ವೈನ್ ಕೆಡುವ ದಾರಿ ಹಿಡಿದಿದೆ ಅಂತಲೇ. ಎಲ್ ರೂಪಕ್ಕೊಂದು ಕಿಣ್ವ, ಡಿ ರೂಪಕ್ಕೊಂದು ಕಿಣ್ವ ಬೇರೆ ಬೇರೆ ಇವೆ, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಎರಡು ಎಲೆಕ್ಟ್ರೋಡ್ ಅಕ್ಕಪಕ್ಕ ಇಟ್ಟರೆ, ಮೂಗಿಗೆ ವಿನೆಗರ್ ಬಡಿಯುವ ಮೊದಲೇ ಸುದ್ದಿ ಸಿಗುತ್ತದೆ. ಆಗಿನ್ನೂ ಸಲ್ಫೈಟ್ ಹಾಕಿ ಬ್ಯಾಕ್ಟೀರಿಯಾ ತಡೆಯುವುದಕ್ಕೆ ಸಮಯ ಇರುತ್ತದೆ. ಯಾವ ನಾಲಿಗೆಗೂ ಆಗದ ಕೆಲಸ ಇದು. ನಿಮ್ಮ ಬರಹ ಹೊಗಳಬೇಕಾಗಿದ್ದರೆ ಇದನ್ನು ಹೊಗಳಬೇಕಿತ್ತು.

ಇನ್ನು ನನ್ನ ಒಂದು ಅನುಭವ ಹೇಳುತ್ತೇನೆ. ಕೆಲಸದಲ್ಲಿದ್ದಾಗ ಸೆನ್ಸರ್ ಮಾರುವ ಕಂಪನಿಯವರೊಬ್ಬರು ಡೆಮೋ ಕೊಡಲು ಬಂದಿದ್ದರು. ಒಳ್ಳೇ ಹುಡುಗ, ಕೆಲಸ ಗೊತ್ತಿತ್ತು. ಲ್ಯಾಕ್ಟಿಕ್ ಆಮ್ಲ ಅಳೆಯುವ ಸೆನ್ಸರ್ ಪಟ್ಟಿ (ಸ್ಟ್ರಿಪ್) ಅದು, ಲ್ಯಾಕ್ಟೇಟ್ ಆಕ್ಸಿಡೇಸ್ ಹಚ್ಚಿದ್ದು. ಬಫರಿನಲ್ಲಿ ಲ್ಯಾಕ್ಟಿಕ್ ಆಮ್ಲ ಕರಗಿಸಿ ಅಳೆದು ತೋರಿಸಿದರು. ಗೆರೆ ಎಳೆದ ಹಾಗೆ ನೇರ ಗ್ರಾಫ್. ಎಲ್ಲರೂ ತಲೆದೂಗಿದರು. ಆಮೇಲೆ ನಾವು ಕೊಟ್ಟ ಕೆಂಪು ವೈನ್ ಹಾಕಿದರು. ಅದಕ್ಕೂ ಒಂದು ಸಂಖ್ಯೆ ಬಂತು.

‘ಕಿಣ್ವ ಹಚ್ಚದ ಪಟ್ಟಿ ಇದೆಯಾ?’ ಅಂತ ಕೇಳಿದೆ.

‘ಅದು ಯಾಕೆ ಮೇಡಂ?’

‘ಸುಮ್ನೆ, ಅದೇ ವೈನಿಗೆ ಅದನ್ನೂ ಹಾಕಿ ನೋಡೋಣ.’

ಪೆಟ್ಟಿಗೆ ತಡಕಾಡಿ ಅಡಿಯಿಂದ ಒಂದು ಖಾಲಿ ಪಟ್ಟಿ ತೆಗೆದರು. ಹಾಕಿದರು. ಕಿಣ್ವವೇ ಇಲ್ಲದ ಪಟ್ಟಿ, ಲ್ಯಾಕ್ಟಿಕ್ ಆಮ್ಲದ ಸುಳಿವೂ ಅದಕ್ಕೆ ಸಿಗಬಾರದು. ಆದರೂ ಮೊದಲಿನ ಕರೆಂಟಿನ ಅರ್ಧಕ್ಕೆ ಹತ್ತಿರ ಬಂತು. ಹುಡುಗ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಕಾರಣ ಏನೂ ನಿಗೂಢ ಅಲ್ಲ. ಆಕ್ಸಿಡೇಸ್ ಕಿಣ್ವ ಹೈಡ್ರೊಜನ್ ಪೆರಾಕ್ಸೈಡ್ ಮಾಡುತ್ತದೆ. ಪ್ಲಾಟಿನಂ ಎಲೆಕ್ಟ್ರೋಡ್ 0.6, 0.7 ವೋಲ್ಟಿನಲ್ಲಿ ಅದನ್ನು ಸುಟ್ಟು ಕರೆಂಟ್ ಕೊಡುತ್ತದೆ. ಆ ವೋಲ್ಟೇಜಿನಲ್ಲಿ ಕೆಂಪು ವೈನಿಗೆ ಬಣ್ಣ, ಒಗರು ಕೊಡುವ ಪಾಲಿಫಿನಾಲ್, ಕೆಡದಂತೆ ಹಾಕುವ ಸಲ್ಫೈಟ್, ಇದ್ದರೆ ವಿಟಮಿನ್ ಸಿ ಎಲ್ಲವೂ ತಾವಾಗಿಯೇ ಸುಟ್ಟು ಕರೆಂಟ್ ಕೊಡುತ್ತವೆ. ಕಿಣ್ವ ಎಷ್ಟೇ ನಿಷ್ಠೆಯಿಂದ ಒಂದೇ ವಸ್ತು ಹಿಡಿದರೂ, ಕೆಳಗಿರುವ ಲೋಹಕ್ಕೆ ಆ ನಿಷ್ಠೆ ಇಲ್ಲ. ಇದಕ್ಕೆ ಪರಿಹಾರಗಳಿವೆ. ಎಲೆಕ್ಟ್ರೋಡ್ ಮೇಲೆ ಪ್ರಶಿಯನ್ ಬ್ಲೂ ಎಂಬ ನೀಲಿ ವಸ್ತು ಹಚ್ಚಿದರೆ ಸೊನ್ನೆಯ ಆಸುಪಾಸಿನ ವೋಲ್ಟೇಜಿನಲ್ಲೇ ಪೆರಾಕ್ಸೈಡ್ ಸಿಕ್ಕಿಬೀಳುತ್ತದೆ, ಮಿಕ್ಕವು ತೆಪ್ಪಗಿರುತ್ತವೆ. ನಾಫಿಯಾನ್ ಪೊರೆ ಹಚ್ಚಿದರೆ ಋಣ ಆವೇಶದ ಕಣಗಳು ಒಳಗೆ ನುಸುಳುವುದು ಕಡಿಮೆ. ಖಾಲಿ ಎಲೆಕ್ಟ್ರೋಡಿನ ಓದಿಕೆಯನ್ನು ಪ್ರತಿ ಸಲ ಕಳೆಯುವುದು ಇನ್ನೊಂದು ದಾರಿ. ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಅವರಿಗೆ ಕೊಟ್ಟು ಕಳಿಸಿದ ಪುಸ್ತಿಕೆಯಲ್ಲಿ ಮಾತ್ರ ಇರಲಿಲ್ಲ. ಅದರಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ‘ಅತಿ ಕಡಿಮೆ ಪ್ರಮಾಣವನ್ನೂ ಪತ್ತೆ ಹಚ್ಚುತ್ತದೆ’ ಅಂತ. ಬಫರಿನಲ್ಲಿ!

ನಿಮ್ಮ ಬರಹವೂ ಇದೇ ಮಾತಿಗೆ ಮರುಳಾಗಿದೆ. ಎಷ್ಟು ಕಡಿಮೆ ಪ್ರಮಾಣ ಪತ್ತೆಯಾಗುತ್ತದೆ ಅನ್ನುವುದನ್ನು ಮೂರು ಸಲ ಬರೆದಿದ್ದೀರಿ. ಯಾವ ದ್ರವದಲ್ಲಿ ಅಂತ ಒಂದು ಸಲವೂ ಇಲ್ಲ. ಮುಂದಿನ ಸಲ ನಿಮ್ಮ ವರದಿಗಾರರು ಇಂಥ ಸಂಶೋಧನೆ ನೋಡಲು ಹೋದಾಗ ದಯವಿಟ್ಟು ಕಿಣ್ವವಿಲ್ಲದ ಎಲೆಕ್ಟ್ರೋಡ್ ಅದೇ ಸ್ಯಾಂಪಲ್ಲಿನಲ್ಲಿ ಎಷ್ಟು ತೋರಿಸಿತು ಅಂತ ಕೇಳಲಿ. ಗೊತ್ತಿರುವಷ್ಟು ವಸ್ತುವನ್ನು ಪಾನೀಯಕ್ಕೇ ಬೆರೆಸಿದಾಗ ಅಷ್ಟೂ ವಾಪಸ್ ಸಿಕ್ಕಿತಾ ಅಂತ ಕೇಳಲಿ. ಎಷ್ಟು ದಿನದ ಮೇಲೆ ಓದಿಕೆ ಜಾರಿತು ಅಂತಲೂ ಕೇಳಲಿ. ಕಿಣ್ವ ದಿನದಿನಕ್ಕೆ ಸೊರಗುತ್ತದೆ. ನಿನ್ನೆಯ ಅದೇ ಸ್ಯಾಂಪಲ್ಲಿಗೆ ಇವತ್ತು ಕಡಿಮೆ ಕರೆಂಟ್ ಕೊಡುತ್ತದೆ. ತಾಪದ್ದೂ ಹಾಗೇ. 10 ಡಿಗ್ರಿ ಏರಿದರೆ ಕಿಣ್ವದ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಬೆಚ್ಚಗಿನ ಲ್ಯಾಬಿನಲ್ಲಿ ಸರಿಹೊಂದಿಸಿ ತಣ್ಣಗಿನ ಟ್ಯಾಂಕ್ ಕೋಣೆಗೆ ಒಯ್ದರೆ ಅರ್ಧ ಸಂಖ್ಯೆ ಬರುತ್ತದೆ, ಎಲ್ಲರೂ ಬ್ಯಾಚನ್ನು ಅನುಮಾನಿಸುತ್ತಾರೆ.

ಅಸಿಟಾಲ್ಡಿಹೈಡ್ ಬಗ್ಗೆಯೂ ಎರಡು ಮಾತು, ಯಾಕೆಂದರೆ ನಿಮ್ಮ ಬರಹದ ಕೋಷ್ಟಕದಲ್ಲಿ ಅದು ಮೊದಲನೇ ಸಾಲಿನಲ್ಲಿತ್ತು. ಕಾಯಿ ಸೇಬಿನ ವಾಸನೆ ಅದರದ್ದು. ಬಿಯರಿನಲ್ಲಿ ಕಿಣ್ವ ಇದನ್ನು ಚೆನ್ನಾಗಿಯೇ ಅಳೆಯುತ್ತದೆ. ವೈನಿನಲ್ಲಿ ಮಾತ್ರ ಸಲ್ಫೈಟ್ ಇರುತ್ತದಲ್ಲ, ಅದು ಅಸಿಟಾಲ್ಡಿಹೈಡನ್ನು ಗಟ್ಟಿಯಾಗಿ ಕಟ್ಟಿಹಾಕುತ್ತದೆ. ಕಟ್ಟಿಹಾಕಿದ್ದು ಮೂಗಿಗೂ ಬಾರದು, ಕಿಣ್ವಕ್ಕೂ ಸುಲಭಕ್ಕೆ ಸಿಗದು. ಪಿಎಚ್ ಏರಿಸಿದರೆ ಕಟ್ಟು ಸಡಿಲವಾಗಿ ಅದು ಹೊರಬರುತ್ತದೆ. ಹಾಗಾಗಿ ‘ಅಸಿಟಾಲ್ಡಿಹೈಡ್ ಇಷ್ಟು’ ಅಂತ ಸಂಖ್ಯೆ ಕೊಟ್ಟರೆ, ಬಿಡಿಯಾಗಿರುವುದೋ ಒಟ್ಟೋ ಅಂತ ಜೊತೆಗೇ ಹೇಳಬೇಕು. ರುಚಿ ಬೇಕಾದವರಿಗೆ ಬಿಡಿಯದು ಮುಖ್ಯ. ಎಷ್ಟು ಸಲ್ಫೈಟ್ ಹಾಕಬೇಕು ಅಂತ ಲೆಕ್ಕ ಹಾಕುವವರಿಗೆ ಒಟ್ಟು ಬೇಕು.

ಬಾಳೆಹಣ್ಣಿನ ವಾಸನೆಯ ಎಸ್ಟರ್‌ಗಳು, ಕೆಲವು ಬಿಳಿ ವೈನಿಗೆ ಹಣ್ಣಿನ ಗಮ್ಮು ಕೊಡುವ ಗಂಧಕದ ವಸ್ತುಗಳು, ಇವುಗಳ ಸುದ್ದಿಗೆ ನಾನು ಹೋಗುವುದಿಲ್ಲ. ಗಂಧಕದ ವಸ್ತುಗಳು ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿರುತ್ತವೆ. ಅಲ್ಲಿಗೆ ಕಿಣ್ವ ಹಚ್ಚಿದ ಪಟ್ಟಿ ಹಿಡಿದು ಹೋಗುವುದೇ ವ್ಯರ್ಥ. ಅವು ಕ್ರೊಮ್ಯಾಟೊಗ್ರಾಫಿಗೂ ಮೂಗಿಗೂ ಬಿಟ್ಟ ಸಂಗತಿ. ರುಚಿ ಅನ್ನುವುದು ಇಂಥ ನೂರಾರು ವಸ್ತುಗಳು ಒಂದನ್ನೊಂದು ಎತ್ತಿ, ಅದುಮಿ ಆದದ್ದು ಅಲ್ವಾ? ಒಂದು ವಸ್ತುವಿನ ಸಂಖ್ಯೆ ಕೊಡುವ ಪಟ್ಟಿ ಅದರ ಜಾಗಕ್ಕೆ ಹೇಗೆ ಬರುತ್ತದೆ? ಮೂರು ಲೋಟ ಇಟ್ಟು, ಎರಡು ಒಂದೇ, ಒಂದು ಬೇರೆ, ಯಾವುದು ಹೇಳಿ ಅಂತ ಕೇಳುವ ಪರೀಕ್ಷೆ ನಮ್ಮಲ್ಲಿ ಪ್ರತಿ ಬ್ಯಾಚಿಗೂ ಇತ್ತು. ಬೇರೆ ಲೋಟ ಗುರುತಿಸಿದವರು ‘ಯಾಕೆ ಅಂತ ಗೊತ್ತಿಲ್ಲ, ಆದರೆ ಇದು ಬೇರೆ’ ಅನ್ನುತ್ತಿದ್ದರು. ಆ ‘ಯಾಕೆ’ ಹುಡುಕಲು ಸೆನ್ಸರ್ ಬೇಕು. ‘ಬೇರೆ’ ಅಂತ ಹೇಳಲು ಮನುಷ್ಯರೇ ಬೇಕು. ಆ ಮನುಷ್ಯರಿಗೆ ದಿನಕ್ಕೆ ಕೆಲವು ಲೋಟಗಳಾದ ಮೇಲೆ ನಾಲಿಗೆ ಮಂದವಾಗುತ್ತದೆ, ಶೀತವಾದರೆ ರಜೆ. ಸೆನ್ಸರಿಗೆ ಶೀತ ಆಗುವುದಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ಕೊನೆಗೆ, ಆ ಬರಹ ಓದಿ ಒಬ್ಬರು ನಿಮ್ಮ ವಾಚಕರ ವಾಣಿಗೆ ಪ್ರಶ್ನೆ ಕಳಿಸಿದ್ದರು. ಮನೆಯಲ್ಲಿ ಹಣ್ಣಿನ ವೈನ್ ಮಾಡುವವರಂತೆ. ಗ್ಲುಕೋಮೀಟರ್ ಪಟ್ಟಿಯನ್ನೇ ವೈನಿಗೆ ಅದ್ದಿ, ಹುದುಗು ಮುಗಿಯಿತಾ ಅಂತ ನೋಡಬಹುದಾ ಅಂತ. ಒಳ್ಳೇ ಪ್ರಶ್ನೆ, ಯಾರೂ ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ. ನಾನು ಕೊಡುತ್ತೇನೆ. ಆ ಪಟ್ಟಿಯನ್ನು ಸರಿಹೊಂದಿಸಿರುವುದು ರಕ್ತಕ್ಕೆ. ವೈನಿನಲ್ಲಿ ಅದು ಹೇಳುವ ಸಂಖ್ಯೆಯನ್ನು ನೆಚ್ಚುವ ಹಾಗಿಲ್ಲ. ಅದಿರಲಿ, ಸಂಖ್ಯೆ ಸರಿಯೇ ಇತ್ತು ಅಂದುಕೊಳ್ಳಿ. ಅದು ನೋಡುವುದು ಗ್ಲುಕೋಸ್ ಮಾತ್ರ. ಹಣ್ಣಿನ ರಸದಲ್ಲಿ ಫ್ರಕ್ಟೋಸೂ ಇರುತ್ತದೆ. ವೈನಿನ ಯೀಸ್ಟ್ ಗ್ಲುಕೋಸನ್ನು ಮೊದಲು ಮುಗಿಸುತ್ತದೆ, ಫ್ರಕ್ಟೋಸ್ ಹಿಂದೆ ಉಳಿಯುತ್ತದೆ. ಪಟ್ಟಿ ‘ಸಕ್ಕರೆ ಇಲ್ಲ’ ಅನ್ನುವಾಗ ಲೀಟರಿಗೆ ಎಷ್ಟೋ ಗ್ರಾಂ ಫ್ರಕ್ಟೋಸ್ ಇನ್ನೂ ಇರಬಹುದು. ಬಿಯರ್ ಮಾಡುವವರಿಗೆ ಇದರ ಉಲ್ಟಾ ತೊಂದರೆ ಬರಬಹುದು. ಕೆಲವು ಪಟ್ಟಿಗಳಲ್ಲಿದ್ದ ಪಿಕ್ಯೂಕ್ಯೂ ಮಾದರಿಯ ಕಿಣ್ವ ಮಾಲ್ಟೋಸನ್ನೂ ಗ್ಲುಕೋಸ್ ಅಂತಲೇ ಓದುತ್ತದೆ. ರೋಗಿಗಳ ವಿಷಯದಲ್ಲಿ ಇದು ಅಪಾಯಕಾರಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಎಚ್ಚರಿಸಿತ್ತು. ಬಿಯರಿಗಾಗಿ ಕುದಿಸುವ ಮಾಲ್ಟ್ ರಸದಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವ ಸಕ್ಕರೆ ಮಾಲ್ಟೋಸೇ.

ಆ ಪ್ರಶ್ನೆ ಕೇಳಿದವರು ದ್ರವದ ಸಾಂದ್ರತೆ ತೋರಿಸುವ ಒಂದು ಗಾಜಿನ ಹೈಡ್ರೋಮೀಟರ್ ಕೊಂಡುಕೊಳ್ಳಲಿ. ಯಾವ ಸಕ್ಕರೆ ಅಂತ ಅದು ಕೇಳುವುದಿಲ್ಲ. ಬರೀ ನೀರಿನಲ್ಲಿ ಅದರ ಓದಿಕೆ 1.000. ವೈನಿನಲ್ಲಿ ಓದಿಕೆ 1.000ಕ್ಕಿಂತ ಕೆಳಗಿಳಿದು ಕೆಲವು ದಿನ ಕದಲದೆ ನಿಂತಿದ್ದರೆ ಬಾಟಲಿಗೆ ತುಂಬಬಹುದು. ಇನ್ನೂ ಇಳಿಯುತ್ತಲೇ ಇದ್ದರೆ, ಅಥವಾ 1.000ದ ಮೇಲೆಯೇ ನಿಂತುಬಿಟ್ಟಿದ್ದರೆ, ತುಂಬಬೇಡಿ. ಉಳಿದ ಫ್ರಕ್ಟೋಸ್ ಬಾಟಲಿಯೊಳಗೆ ಹುದುಗಿ ಗ್ಯಾಸ್ ಕಟ್ಟುತ್ತದೆ, ಗಾಜು ಒಡೆಯುತ್ತದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
(ನಿವೃತ್ತ ಕೆಮಿಸ್ಟ್)